ಅಚ್ಚು ಬಾರದ ಬೆರಳು

ಬಿಡದಿಯಲ್ಲಿ ಬಸ್ ಹತ್ತಿದ ಹೆಂಗಸು ನನ್ನ ಮುಂದಿನ ಸೀಟಿನ ಹುಡುಗಿಯ ಪಕ್ಕ ಕೂತಳು.

“ಜರ್ಮನಿ ವೀಸಾ ಆಯ್ತೇನವ್ವ ಜುವೇರಿಯಾ?”

“ಎಲ್ಲಿ ಶಿವಲಿಂಗಕ್ಕ! ವೀಸಾ ಆಫೀಸಲ್ಲಿ ಮಿಷನ್ ಮೇಲೆ ಹತ್ತು ಬೆರಳೂ ಒತ್ತಿದೆ. ಅಚ್ಚೇ ಬರ್ಲಿಲ್ಲ.”

“ರೇಷ್ಮೆಗೂಡಿನ ಬಿಸಿನೀರಲ್ಲಿ ಬೆಂದ ಕೈ ಕಣವ್ವ, ಎಲ್ಲಿಂದ ಬರ್ಬೇಕು? ನಿನ್ ಗಂಡಂಗೆ ಹೇಳ್ದಾ?”

“ಹೇಳ್ದೆ. ಅಲ್ಲಿ ಮನೆ ಮಾಡ್ಬುಟ್ಟವ್ರೆ, ಪಾಪ.”

“ಮುಂದೆ?”

“ಒಂದ್ ತಿಂಗ್ಳು ಬಿಸಿನೀರಿಗೆ ಕೈ ಇಕ್ದೆ ಬಾ ಅಂದ್ರು ವೀಸಾ ಆಫೀಸ್ನೋರು. ಮಾಲೀಕ್ರು ಕೆಲ್ಸದಲ್ಲಿ ಇಟ್ಕೊತಾರಾ?”

“ನಿನ್ ಗೂಡಿಗೂ ನಾನೇ ಕೈ ಇಕ್ತೀನಿ, ನೀನು ಚರಕ ತಿರುಗ್ಸು. ನಾನೇನ್ ಜರ್ಮನಿಗೆ ಹೋಗ್ಬೇಕಾ?”

“ಆಗ್ಲೂ ಅಚ್ಚು ಬರ್ದಿದ್ರೆ?”

ಹಿರಿಯಾಕೆ ಎದ್ದು ನಿಂತಳು. ರಾಮನಗರ ಬಂತು.

“ಬ್ಯಾಗ್ ಇಲ್ ಕೊಡು. ಈಗಿಂದ್ಲೇ ಬೆರಳು ಜ್ವಾಪಾನ.”

ಎರಡೂ ಬ್ಯಾಗು ಹೊತ್ತು ಆಕೆ ಇಳಿದಳು. ಹುಡುಗಿ ಬರಿಗೈಯಲ್ಲಿ ಹಿಂದೆಯೇ ಇಳಿದಳು.