ಹಳದಿ ಮುಟ್ಟದೆ
ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತಿಗೆ ದರ್ಜಿ ವಗ್ದಿಯ ಕಿವಿ ನೆಟ್ಟಗಾಯಿತು.

"ಶಾಹಿನಾಜ್, ನೀನು ಬರೆದ ಆ ದೋಣಿ ಲಾಂದ್ರದ ಚಿತ್ರಾನ ಪ್ರದರ್ಶನಕ್ಕೆ ಇಟ್ರಂತಲ್ಲೇ. ದೀಪ ಮಂಕಾಗಿತ್ತಲ್ಲ?"

"ಹೌದು ಚಿಕ್ಕಮ್ಮ. ಎಷ್ಟು ಹಳದಿ ಬಳಿದ್ರೂ ಈ ಅಕ್ರಿಲಿಕ್ ಬಣ್ಣ ಒಣಗಿದ್ಮೇಲೆ ಮಂಕಾಗೇ ಕಾಣೋದು."

"ಮತ್ತೇನು ಮಾಡ್ದೆ?"

"ಮತ್ತೆ ಹಳದಿ ಮುಟ್ಟಲೇ ಇಲ್ಲ. ಸುತ್ತಲಿನ ಸಮುದ್ರಕ್ಕೆ ಕಡುನೇರಳೆ ಬಳಿದೆ."

"ಬೆಳಕು ಸಾಲದು ಅಂತ ಕತ್ತಲೆ ಸುರಿದ್ಯಾ? ನಿಮ್ಮ ಚಿತ್ರಕಲೆ ಮಾಸ್ತರು ಸುಮ್ನಿದ್ರಾ?"

"ಚಿತ್ರ ಕೆಟ್ಟೋಯ್ತು, ಮೂಲೆಗೆ ಹಾಕು ಅಂದ್ರು. ನಾನು ಅವರ ಮಾತು ಕೇಳದೆ ಪ್ರದರ್ಶನಕ್ಕೆ ಕೊಟ್ಟೆ."

ವಗ್ದಿ ಇಳಿಯಬೇಕಾದ ನಿಲ್ದಾಣ ಹಿಂದೆ ಹೋಯಿತು. ಅವನು ಏಳಲಿಲ್ಲ.

"ಆಮೇಲೆ?"

"ನಿನ್ನೆ ಬಾಗಿಲು ಹಾಕೋ ಹೊತ್ತಿಗೆ ಕಾವಲಿನವನು ನನ್ನ ಚಿತ್ರದ ಹಿಂದೆ ಕೈಹಾಕಿ ತಡಕಾಡ್ತಿದ್ದ. ಲಾಂದ್ರ ಆರಿಸೋ ಸ್ವಿಚ್ ಎಲ್ಲಿದೆ ಅಂತ ಕೇಳ್ದ."

"ನಿನ್ನನ್ನಾ?"

ಟ್ರಾಮು ನಿಂತಿತು. ಶಾಹಿನಾಜ್ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

"ಮಾಸ್ತರನ್ನ."