ನನ್ನ ಜಾಗ, ನನ್ನ ಇಷ್ಟ

ಪರವಾನಗಿ ಕಚೇರಿಯ ಸಾಲಿನಲ್ಲಿದ್ದ ದರ್ಜಿಯ ಕಿವಿಯೆಲ್ಲ ಮುಂದಿದ್ದ ಅಕ್ಕ-ತಮ್ಮನ ಮಾತಿನ ಮೇಲೆಯೇ ಇತ್ತು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಗಿ ತಮ್ಮ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಈ ಸರ್ಕಾರ ಯಾಕಕ್ಕ ಬೇಕು? ನನ್ನ ಜಾಗ, ನನ್ನ ಇಷ್ಟ. ಒಂದು ಕಿಟಕಿ ಇಡೋಕೆ ಒಂಬತ್ತು ತಿಂಗಳು ಅಲೆಸಿದ್ರು.”

“ಅದು ನಿಜ. ಅಷ್ಟರಲ್ಲಿ ನನ್ನ ಸೊಸೆ ಹೆತ್ತೇಬಿಟ್ಳು.”

“ಯಾರ ತಂಟೆಗೂ ಯಾರೂ ಹೋಗಬಾರದು, ಅಷ್ಟೇ.”

“ಪಕ್ಕದವನು ಗೋಡೆ ಎಬ್ಬಿಸ್ತಿರೋದೂ ಅವನ ಜಾಗದಲ್ಲೇ ತಾನೇ?”

“ನನ್ನ ಕಿಟಕಿಗೆ ಬೆಳಕೇ ಇಲ್ವಲ್ಲಕ್ಕ.”

“ಪರವಾನಗಿ ಗಿರವಾನಗಿ ಯಾಕೆ, ಸುಮ್ನೆ ಕಟ್ಟು ಅಂತ ಅವನಿಗೆ ಹೇಳಿದ್ದು ನೀನೇ.”

“ಹೇಳ್ದೆ. ಅಷ್ಟೆತ್ತರ ಕಟ್ಟು ಅಂದಿದ್ನಾ?”

“ಅವನನ್ನ ಕೇಳಿದ್ಯಾ?”

“ಕೇಳ್ದೆ. ನನ್ನ ಜಾಗ, ನನ್ನ ಇಷ್ಟ ಅಂದ.”

ಒಳಗಿನಿಂದ ಗುಮಾಸ್ತ ಕೂಗಿದ.

“ಹೋಗಪ್ಪ, ಸರ್ಕಾರ ಕರೀತಿದೆ,” ಅಂದಳು ಅಕ್ಕ.

ತಮ್ಮ ದೂರಿನ ಅರ್ಜಿಯನ್ನು ಎದೆಗವಚಿಕೊಂಡು ಓಡಿದ.