ಎರಡು ಡಬ್ಬಿ

ಮೊಂಟಾನಾದ ಬಂದೂಕಿನಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹುಡುಗಿ ಜೂನ್ ತಲೆಯೆತ್ತಲಿಲ್ಲ. ಕಿವಿ ಮಾತ್ರ ಸಾಲಿನಲ್ಲಿದ್ದ ಮುದುಕಿ ವರ್ನಾ ಮತ್ತು ಆಕೆಯ ಹೊಸ ಅಳಿಯ ಡೇಲ್ ಕಡೆಗಿತ್ತು.

"ಅತ್ತೆ, ನಿನ್ನೆ ಮನೇಲಿ ಖಾಲಿ ಕಾಡತೂಸಿಗೆ ತುಂಬಿ ಉಳಿದ ಮದ್ದು ಅಳತೆ ಯಂತ್ರದಲ್ಲೇ ಇದೆ. ಡಬ್ಬಿಗೆ ವಾಪಸ್ ಸುರೀಲಾ?"

"ಯಾವ ಡಬ್ಬಿಗಪ್ಪಾ?"

"ಮೇಜಿನ ಮೇಲೆ ಎರಡಿತ್ತು. ಬಹುಶಃ ಎಡಗಡೇದು."

"ಬಹುಶಃ! ಮದುವೆ ದಿನ ಚರ್ಚಲ್ಲೂ ಹಿಂಗೇ ಅಂದಿದ್ರೆ ನನ್ನ ಮಗಳು ಬಚಾವಾಗ್ತಿದ್ಲು."

"ಎರಡೂ ಒಂದೇ ಥರ ಕರಿ ಕಾಳು, ಅತ್ತೆ."

"ಕಣ್ಣಿಗೆ ಒಂದೇ, ಜೋರು ಬೇರೆ ಬೇರೆ. ತಪ್ಪು ಮದ್ದು ಬಿದ್ರೆ ಬಂದೂಕು ಮುಖದ ಹತ್ರಾನೇ ಸಿಡಿಯುತ್ತೆ. ಶನಿವಾರ ಬೇಟೇಲಿ ಅದಕ್ಕೆ ಕೆನ್ನೆ ಒತ್ತೋಳು ಯಾರು?"

ಡೇಲ್ ಟೋಪಿ ತೆಗೆದ. "ನಿಮ್ಮ ಮಗಳು."

"ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ ಇರ್ಬೇಕು. ಉಳಿದಿದ್ದನ್ನ ನನ್ನ ಗುಲಾಬಿ ಬುಡಕ್ಕೆ ಉದುರಿಸು, ಗೊಬ್ಬರ ಆಗುತ್ತೆ."

"ನಿನ್ನೆ ತುಂಬಿದ ಕಾಡತೂಸು?"

"ನೀನೇ ಹೇಳು."

"ಎಲ್ಲಾನೂ ಬಿಚ್ತೀನಿ. ಅದ್ರ ಮದ್ದೂ ಗುಲಾಬಿಗೇ."

"ಈಗ ನೋಡು, ಅಳಿಯ ಅನ್ನಿಸ್ಕೊಂಡೆ."

ಅವರ ಸರದಿ ಬಂತು. ಡೇಲ್ ತನ್ನ ಕೈಯಲ್ಲಿದ್ದ ಎರಡು ಹೊಸ ಮದ್ದಿನ ಡಬ್ಬಿಗಳಲ್ಲಿ ಒಂದನ್ನು ಜೂನ್‌ಳ ಮುಂದಿಟ್ಟು, ಇನ್ನೊಂದನ್ನು ತಾನೇ ಹೋಗಿ ಕಪಾಟಿಗೆ ವಾಪಸಿಟ್ಟು ಬಂದ.

"ಬರೋ ವರ್ಷ ಗುಲಾಬಿ ಭರ್ಜರಿ ಬಿಡುತ್ತೆ," ಎನ್ನುತ್ತಾ ವರ್ನಾ ಅವನ ತೋಳು ಹಿಡಿದು ಬಾಗಿಲು ದಾಟಿದಳು.